ಮಗಳು ‘ನಾನು ಗಾಥ್’ ಅನ್ನುತ್ತಾಳೆ. ಹಾಗಂದ್ರೆ ಏನು, ಬಲ್ಲವರು ಹೇಳಿ

ಮ್ಯಾಂಚೆಸ್ಟರ್_ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನ ಕಡೆಯವರು. ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ಮಗಳಿಗೆ ಈಗ ಹದಿನಾರು. ಹೋದ ಚಳಿಗಾಲದಿಂದ ಮೈಮೇಲೆ ಕಪ್ಪು ಬಿಟ್ಟರೆ ಬೇರೆ ಬಣ್ಣವೇ ಇಲ್ಲ. ಕಣ್ಣಿನ ಸುತ್ತ ದಪ್ಪಗೆ ಕಪ್ಪು, ತುಟಿಗೆ ಕಪ್ಪು, ಬೆರಳಿಗೆಲ್ಲ ಬೆಳ್ಳಿ ಉಂಗುರ. ಕೇಳಿದರೆ “ಅಪ್ಪಾ, ನಾನು ಗಾಥ್” ಅಂತಾಳೆ. ಊರಿಂದ ಅಮ್ಮ ವಿಡಿಯೊ ಕಾಲ್ ಮಾಡಿದವರು ಅವಳನ್ನು ನೋಡಿ ಗಾಬರಿಯಾಗಿ “ಯಾರಿಗೇನಾಯ್ತೋ?” ಅಂದುಬಿಟ್ಟರು.

ಓದು ಚೆನ್ನಾಗಿದೆ. ಮನೆಯಲ್ಲಿ ಜಗಳ ಇಲ್ಲ. ತಂಗಿಗೆ ಗಣಿತ ಹೇಳಿಕೊಡುತ್ತಾಳೆ. ಆದರೂ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಇದು ದೆವ್ವದ ಪೂಜೆಯಾ, ಡಿಪ್ರೆಷನ್ನಾ, ವಯಸ್ಸಿನ ಹುಚ್ಚಾ? ಬೈದು ಬಿಡಿಸಬೇಕಾ, ಸುಮ್ನೆ ಇರಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಧಾರವಾಡದ_ಮಳೆ

ಸರ್, ನಾನೂ ಗಾಥ್. ವಯಸ್ಸು ಮೂವತ್ತೇಳು, ಊರು ಧಾರವಾಡ, ಇರೋದು ಲೀಡ್ಸ್‌ನಲ್ಲಿ. ಲ್ಯಾಬ್‌ನಲ್ಲಿ ಕೆಲಸ, ಮದುವೆ ಆಗಿದೆ, ಸಂಜೆ ಮನೆಯಲ್ಲಿ ದೇವರ ಮುಂದೆ ದೀಪವನ್ನೂ ಹಚ್ಚುತ್ತೇನೆ. ಇಷ್ಟು ಮೊದಲೇ ಹೇಳಿದ್ದು ಯಾಕೆ ಅಂದರೆ ನಿಮಗೆ ಸ್ವಲ್ಪ ನಿದ್ದೆ ಬರಲಿ ಅಂತ.

ದೆವ್ವದ ಪೂಜೆ ಅಲ್ಲ. ಗಾಥ್ ಅನ್ನೋದು ಧರ್ಮವೇ ಅಲ್ಲ. ನನ್ನ ಗೆಳೆಯರಲ್ಲಿ ಭಾನುವಾರ ಚರ್ಚಿಗೆ ಹೋಗುವವರೂ ಇದ್ದಾರೆ, ದೇವರೇ ಇಲ್ಲ ಅನ್ನುವವರೂ ಇದ್ದಾರೆ. ಇದು ಹುಟ್ಟಿದ್ದು ಹಾಡಿನಿಂದ. ಹಾಡು ಬಿಟ್ಟು ಬಟ್ಟೆಯಿಂದ ಶುರು ಮಾಡಿದರೆ ಏನೂ ಅರ್ಥ ಆಗುವುದಿಲ್ಲ.

1970ರ ದಶಕದ ಕೊನೆ. ಇಂಗ್ಲೆಂಡಿನಲ್ಲಿ ಪಂಕ್ ಅನ್ನುವ ಒರಟು, ಗದ್ದಲದ ರಾಕ್ ಹಾಡುವ ಹುಡುಗರು ಕೂಗಿ ಕೂಗಿ ಸುಸ್ತಾಗಿದ್ದ ಹೊತ್ತು. ಅದೇ ಅಗ್ಗದ ಗಿಟಾರ್ ಹಿಡಿದ ಕೆಲವರು ಕೂಗೋದು ಬಿಟ್ಟು ತಗ್ಗಿದ ದನಿಯಲ್ಲಿ ಹಾಡತೊಡಗಿದರು. ತಗ್ಗಿನ ಸ್ವರದ ಬೇಸ್ ಗಿಟಾರ್ ಮುಂದೆ ಬಂತು, ದನಿ ಖಾಲಿ ಹಾಲಿನಲ್ಲಿ ಹಾಡಿದ ಹಾಗೆ ಪ್ರತಿಧ್ವನಿಸತೊಡಗಿತು. ನಾರ್ತಾಂಪ್ಟನ್ ಅನ್ನುವ ಊರಿನ ನಾಲ್ವರು ಬೌಹಾಸ್ ಅಂತ ಬ್ಯಾಂಡ್ ಕಟ್ಟಿ 1979ರಲ್ಲಿ ‘ಬೇಲಾ ಲುಗೋಸಿಸ್ ಡೆಡ್’ ಹಾಡು ತಂದರು. ಬೇಲಾ ಲುಗೋಸಿ ಅನ್ನುವುದು ಹಳೆಯ ಡ್ರಾಕುಲಾ ಸಿನಿಮಾದ ನಟನ ಹೆಸರು. ಒಂಬತ್ತು ನಿಮಿಷ ದಾಟುವ ಹಾಡು. ಮೊದಲು ಡ್ರಮ್ಮಿನ ಅಂಚಿನ ಟಕಟಕ. ಆಮೇಲೆ ಬೇಸ್, ಕತ್ತಲಲ್ಲಿ ಯಾರೋ ಒಂದೊಂದೇ ಮೆಟ್ಟಿಲು ಇಳಿದ ಹಾಗೆ. ಎರಡೂವರೆ ನಿಮಿಷ ದಾಟಿದರೂ ಹಾಡುವವನು ಬಾಯಿ ಬಿಡುವುದಿಲ್ಲ. ಬಹಳ ಜನ ಗಾಥ್‌ನ ಶುರುವಾತು ಅಂತ ಇದನ್ನೇ ಹೇಳುತ್ತಾರೆ.

ಅದೇ ಕಾಲಕ್ಕೆ ನಿಮ್ಮ ಮ್ಯಾಂಚೆಸ್ಟರ್ ಸುತ್ತಿನಿಂದ ಜಾಯ್ ಡಿವಿಷನ್, ಲಂಡನ್ನಿನಿಂದ ಸೂಝಿ ಆ್ಯಂಡ್ ದಿ ಬ್ಯಾನ್‌ಶೀಸ್, ಕ್ರಾಲಿಯಿಂದ ದಿ ಕ್ಯೂರ್ ಬಂದವು. 1980ರಲ್ಲಿ ನಮ್ಮ ಲೀಡ್ಸ್‌ನಿಂದ ಸಿಸ್ಟರ್ಸ್ ಆಫ್ ಮರ್ಸಿ. ಸ್ವಲ್ಪ ಕಾಲದಲ್ಲೇ ಅವರು ಡ್ರಮ್ ಬಾರಿಸಲು ಮನುಷ್ಯನ ಬದಲು ಒಂದು ಯಂತ್ರ ಇಟ್ಟುಕೊಂಡರು, ಅದಕ್ಕೆ ‘ಡಾಕ್ಟರ್ ಅವಲಾಂಚ್’ ಅಂತ ಹೆಸರಿಟ್ಟಿದ್ದರು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಕ್ಲಬ್ ತೆರೆಯಿತು. ಕೆದರಿ ನಿಲ್ಲಿಸಿದ ಕೂದಲು, ಹರಿದ ಜಾಲರಿ ಕಾಲುಚೀಲ, ಬಿಳಿ ಮುಖ, ಈ ರೂಪವೆಲ್ಲ ಗಟ್ಟಿಯಾಗಿದ್ದು ಅಂಥ ಜಾಗಗಳಲ್ಲಿ. ಅಂದರೆ ಹಾಡು ಮೊದಲು, ಬಟ್ಟೆ ಆಮೇಲೆ.

ಇನ್ನು ನನ್ನ ಕಥೆ. 2011ರಲ್ಲಿ ಓದಲಿಕ್ಕೆ ಬಂದೆ. ಆ ವರ್ಷವೇ ಊರಲ್ಲಿ ಅಪ್ಪ ತೀರಿಕೊಂಡರು. ಹೋಗಿ, ಹದಿಮೂರು ದಿನ ಇದ್ದು, ವಾಪಸ್ ಬಂದೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಒಂದೇ ಮಾತು ಹೇಳಿದರು. ಅಳಬೇಡ, ಗಟ್ಟಿಯಾಗಿರು, ಓದಿನ ಕಡೆ ಗಮನ ಕೊಡು. ನಾನೂ ಗಟ್ಟಿಯಾಗಿಯೇ ಇದ್ದೆ. ಎಷ್ಟು ಅಂದರೆ ಮೂರು ತಿಂಗಳು ಯಾರ ಹತ್ತಿರವೂ ಅಪ್ಪನ ಹೆಸರು ಎತ್ತಲಿಲ್ಲ.

ನವೆಂಬರ್‌ನಲ್ಲಿ ಸಹಪಾಠಿ ಒಬ್ಬಳು ಒಂದು ನೆಲಮಾಳಿಗೆಯ ಕ್ಲಬ್ಬಿಗೆ ಕರೆದುಕೊಂಡು ಹೋದಳು. ನನ್ನ ಹತ್ತಿರ ಇದ್ದದ್ದು ಒಂದು ಕಪ್ಪು ಕುರ್ತಾ, ಅವ್ವ ಕೊಟ್ಟ ಕಾಡಿಗೆ ಡಬ್ಬಿ. ಅಷ್ಟನ್ನೇ ಹಾಕಿಕೊಂಡು ಹೋದೆ. ಒಳಗೆ ಹೊಗೆ ಯಂತ್ರದ ಸಿಹಿ ವಾಸನೆ, ಹೇರ್ ಸ್ಪ್ರೇ ವಾಸನೆ. ಒಬ್ಬೊಬ್ಬರೇ ಕಣ್ಣು ಮುಚ್ಚಿಕೊಂಡು ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇಟ್ಟು ಕುಣಿಯುತ್ತಿದ್ದರು, ಕೈಗಳು ಗಾಳಿಯಲ್ಲಿ ಜೇಡರ ಬಲೆ ಬಿಡಿಸಿದ ಹಾಗೆ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಒಬ್ಬ ಮನುಷ್ಯ ಕುಣಿಯುತ್ತಲೇ ಅಳುತ್ತಿದ್ದ. ಕಪ್ಪು ಕಣ್ಣೀರು ಗಲ್ಲದ ತನಕ ಇಳಿದಿತ್ತು. ಯಾರೂ ಅವನನ್ನು ತಡೆಯಲಿಲ್ಲ, ಸಮಾಧಾನ ಮಾಡಲಿಲ್ಲ. ಹಾಡು ಮುಗಿದ ಮೇಲೆ ಪಕ್ಕದವನು ಒಂದು ಲೋಟ ನೀರು ತಂದುಕೊಟ್ಟ, ಅಷ್ಟೇ.

ಅವತ್ತು ನಾನೂ ಅತ್ತೆ.

ಹೊರಗೆ ಬಂದು ನಿಂತಾಗ ಐವತ್ತು ದಾಟಿದ ಹೆಂಗಸೊಬ್ಬರು ಹತ್ತಿರ ಬಂದು ನನ್ನ ಕಣ್ಣು ನೋಡಿ, ಇಷ್ಟು ಅತ್ತರೂ ಕರಿ ಹೋಗಿಲ್ವಲ್ಲ, ಯಾವ ಕಂಪನಿಯದು ಅಂತ ಕೇಳಿದರು. ನಮ್ಮವ್ವ ಮಾಡಿದ್ದು ಅಂದೆ. ಹರಳೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಹಿಡಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸುವುದು ಅಂತ ವಿವರಿಸಿದೆ. ಅವರು ಚೀಟಿ ತೆಗೆದು ಬರೆದುಕೊಂಡರು. ಈಗಲೂ ನನ್ನ ಆಪ್ತ ಗೆಳತಿ ಅವರು.

ಗಾಥ್ ಅಂದರೆ ನನಗೆ ಇದು. ದುಃಖವನ್ನು ತಪ್ಪು ಮಾಡಿದವರ ಹಾಗೆ ಬಚ್ಚಿಡಬೇಕಾಗಿಲ್ಲದ ಜಾಗ, ಅದಕ್ಕೆ ಒಪ್ಪುವ ಹಾಡು, ಅದನ್ನು ಚೆಂದವಾಗಿ ಉಟ್ಟುಕೊಳ್ಳುವ ಜನ. ನಿಮ್ಮ ಮಗಳಿಗೆ ಬೇರೆ ಏನೋ ಇರಬಹುದು. ಅವಳನ್ನೇ ಕೇಳಿ. ಆದರೆ “ಯಾಕೆ ಕಪ್ಪು?” ಅಂತ ಕೇಳಬೇಡಿ. “ಯಾವ ಹಾಡು?” ಅಂತ ಕೇಳಿ.

ಪೆಡಲ್_ಬೋರ್ಡ್

ಬೆಂಗಳೂರಿನಿಂದ. ಸರ್, ಇಷ್ಟಕ್ಕೆಲ್ಲ ಹೆದರಬೇಡಿ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನಕ್ಕೆ ಅಬ್ಬರದ ಮೆಟಲ್ ರಾಕ್ ನುಡಿಸುವ ಐರನ್ ಮೇಡನ್ ಬ್ಯಾಂಡ್ ಬಂದಾಗ ಇಡೀ ಮೈದಾನವೇ ಕಪ್ಪು ಟಿ-ಶರ್ಟ್. ನಾನೂ ಅಲ್ಲಿದ್ದೆ, ಈಗ ಎರಡು ಮಕ್ಕಳ ತಂದೆ, ಬ್ಯಾಂಕಿನಲ್ಲಿ ಕೆಲಸ. ಮೆಟಲ್ ಆಗಲಿ ಗಾಥ್ ಆಗಲಿ ಎರಡೂ ಒಂದೇ ತಾನೆ.

ಧಾರವಾಡದ_ಮಳೆ

ಒಂದೇ ಅಲ್ಲ ಅಣ್ಣ, ಇದನ್ನು ಮಾತ್ರ ಬಿಟ್ಟುಕೊಡಲ್ಲ 🙂 ಮೆಟಲ್‌ನಲ್ಲಿ ಗಿಟಾರ್ ಮೈಮೇಲೆ ಬೀಳುತ್ತದೆ, ಜನ ಒಟ್ಟಾಗಿ ನುಗ್ಗುತ್ತಾರೆ, ಅದರ ಖುಷಿಯೇ ಬೇರೆ. ಗಾಥ್ ಪೋಸ್ಟ್-ಪಂಕ್‌ನ, ಅಂದರೆ ಪಂಕ್ ಆದಮೇಲೆ ಬಂದ ಸಂಗೀತದ ಕೂಸು. ಬೇಸ್ ನಡೆಸುತ್ತದೆ, ಗಿಟಾರ್ ದೂರದಲ್ಲಿ ಮಿಂಚುತ್ತದೆ. ಕುಣಿಯುವ ಹಾಡು ಇದು. ಎರಡನ್ನೂ ಕೇಳುವವರು ಬಹಳ ಜನ ಇದ್ದಾರೆ, ನನ್ನ ಗಂಡನೇ ಮೆಟಲ್ ಕಡೆಯವನು. ಆದರೆ ಬೆಂಗಳೂರಿನಲ್ಲಿ ಕಪ್ಪು ಹಾಕಿದವರನ್ನೆಲ್ಲ ‘ಮೆಟಲ್’ ಅನ್ನುವುದು ಅಭ್ಯಾಸ ಆಗಿದೆ. ಅಲ್ಲಿ ಮೆಟಲ್‌ಗೆ ದೊಡ್ಡ ಬಳಗ ಇದೆ, ಕ್ರಿಪ್ಟೋಸ್‌ನಂಥ ಬ್ಯಾಂಡ್ ಯುರೋಪಿನಲ್ಲೆಲ್ಲ ನುಡಿಸಿ ಬಂದಿದೆ. ಗಾಥ್‌ಗೆ ಅಂಥ ಬಳಗ ಇಲ್ಲ.

ಹಾಸನದ_ಹುಡುಗಿ

ಅಕ್ಕ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನನಗೆ ಇಪ್ಪತ್ತು. ಇನ್‌ಸ್ಟಾಗ್ರಾಂನಲ್ಲಿ ಗಾಥ್ ಹುಡುಗಿಯರನ್ನು ನೋಡಿ ತುಂಬಾ ಇಷ್ಟ ಆಗಿದೆ. ಆದರೆ ಬ್ಯಾಂಡ್ ಒಂದೂ ಗೊತ್ತಿಲ್ಲ. ಇನ್ನೊಂದು ಕೇಳಬೇಕಿತ್ತು. ಅವರೆಲ್ಲ ಬೆಳ್ಳಗೆ ಇರುತ್ತಾರೆ, ಇನ್ನೂ ಬೆಳ್ಳಗಾಗಲು ಪೌಡರ್ ಬಳಿಯುತ್ತಾರೆ. ನನ್ನ ಬಣ್ಣ ಕಪ್ಪು. ಚಿಕ್ಕಂದಿನಿಂದ ಕಪ್ಪು ಬಟ್ಟೆ ಹಾಕಬೇಡ, ಇನ್ನೂ ಕಪ್ಪಾಗಿ ಕಾಣ್ತೀಯ ಅಂತಲೇ ಕೇಳಿ ಬೆಳೆದಿದ್ದೇನೆ. ನಾನು ಗಾಥ್ ಆಗಬಹುದಾ?

ಪೆಡಲ್_ಬೋರ್ಡ್

ಹಾಡು ಗೊತ್ತಿಲ್ಲದೆ ಬಟ್ಟೆ ಮಾತ್ರ ಅಂದರೆ ಅದು ಸುಮ್ನೆ ವೇಷ ಆಗುತ್ತೆ ತಂಗಿ. ಮೆಟಲ್‌ನಲ್ಲೂ ಹೀಗೇ. ಬ್ಯಾಂಡ್ ಟಿ-ಶರ್ಟ್ ಹಾಕಿರುತ್ತಾರೆ, ಮೂರು ಹಾಡು ಹೇಳು ಅಂದರೆ ಬಾಯಿ ಬಿಡಲ್ಲ.

ಧಾರವಾಡದ_ಮಳೆ

ಅಣ್ಣ, ‘ಮೂರು ಹಾಡು ಹೇಳು’ ಅಂತ ಪರೀಕ್ಷೆ ಮಾಡಿದರೆ ಯಾರೂ ಹತ್ತಿರ ಬರಲ್ಲ. ಹಾಡೇ ಮುಖ್ಯ ಅಂತ ನಾನೂ ನಂಬುತ್ತೇನೆ, ಮೇಲೆ ಅದನ್ನೇ ಹೇಳಿದ್ದು. ಆದರೆ ಯಾರಾದರೂ ಮೊದಲು ಕಣ್ಣಿಗೆ ಕಂಡದ್ದರಿಂದಲೇ ಒಳಗೆ ಬರುವುದು. ನಮ್ಮಲ್ಲಿ ಹೊಸಬರಿಗೆ ‘ಬೇಬಿ ಬ್ಯಾಟ್’ ಅನ್ನುತ್ತಾರೆ, ಬಾವಲಿ ಮರಿ. ಪ್ರೀತಿಯಿಂದ ಕರೆಯುವ ಹೆಸರು ಅದು.

ತಂಗಿ, ಪೌಡರ್ ಬೇಕಾಗಿಲ್ಲ. ಆ ಬಿಳಿ ಮುಖ ಬಂದದ್ದು ಹಳೆಯ ಕಪ್ಪು-ಬಿಳುಪು ಭಯದ ಸಿನಿಮಾಗಳಿಂದ, ಸತ್ತವರ ಮುಖದ ಕಲ್ಪನೆಯಿಂದ. ಅದು ಒಂದು ಬಣ್ಣ, ಬಳಿದುಕೊಳ್ಳಬೇಕು ಅನ್ನಿಸಿದವರು ಬಳಿದುಕೊಳ್ಳಲಿ. ನಾನು ಒಂದು ದಿನವೂ ಹಚ್ಚಿಲ್ಲ. ಮೊದಮೊದಲು ಕೆಲವರು ನನ್ನನ್ನು ‘ಬೇರೆ ಥರ’ ನೋಡಿದ್ದು ನಿಜ. ಬಿಳಿ ಚರ್ಮವೇ ಮಾದರಿ ಅನ್ನುವ ಯೋಚನೆ ಇಲ್ಲೂ ಇದೆ. ಅದರ ಬಗ್ಗೆ ಕಪ್ಪು ಜನಾಂಗದ ಗಾಥ್‌ಗಳು, ನಮ್ಮಂಥವರು ಜಗಳ ಆಡುತ್ತಲೇ ಇದ್ದೇವೆ. ನಮ್ಮ ಚರ್ಮದ ಮೇಲೆ ಕಡುಗೆಂಪು, ನೇರಳೆ, ಬೆಳ್ಳಿ ಎಷ್ಟು ಚೆಂದ ಕಾಣುತ್ತೆ ಗೊತ್ತಾ! ಹಾಗೇ ಕಪ್ಪು ಅಂದರೆ ಅಪಶಕುನ ಅಂತ ನಮ್ಮ ಮನೆಗಳಲ್ಲಿ ಪೂರ್ತಿ ಹೇಳಿಕೊಟ್ಟಿಲ್ಲ. ನನ್ನ ಅಜ್ಜಿಯ ಟ್ರಂಕಿನಲ್ಲಿ ಇದ್ದ ಅತಿ ಒಳ್ಳೆಯ ಸೀರೆ ಚಂದ್ರಕಾಳಿ, ಕರೀ ಸೀರೆ, ಕೆಂಪು ಅಂಚು. ಕೊರಳಲ್ಲಿ ಕರಿಮಣಿ, ಕೂಸಿನ ಗಲ್ಲದ ಮೇಲೆ ದೃಷ್ಟಿಬೊಟ್ಟು. ಕಪ್ಪು ಕಾಯುತ್ತದೆ ಅಂತಲೂ ನಂಬಿದ ಜನ ನಾವು.

ಹಾಡಿಗೆ ಇಂಗ್ಲಿಷೇ ಬೇಕು ಅಂತಲೂ ಇಲ್ಲ. ಶೀ ಪಾಸ್ಟ್ ಅವೇ ಅಂತ ಒಂದು ಬ್ಯಾಂಡ್ ಇದೆ, ಹೆಸರು ಇಂಗ್ಲಿಷ್, ಆದರೆ ಟರ್ಕಿಯವರು, ಹಾಡೋದು ಟರ್ಕಿಷ್‌ನಲ್ಲಿ. ಅಲ್ಲಿಂದ ಶುರು ಮಾಡು. ಒಂದು ಪದ ಅರ್ಥ ಆಗದಿದ್ದರೂ ಬೇಸ್ ಎದೆಗೆ ಬರುತ್ತದೆ.

ಗಂಗಾವತಿ_ಕಲ್ಲು

ನಮ್ಮ ಶಿವನೇ ಮೊದಲ ಗಾಥ್ ಅಲ್ವಾ? ಸ್ಮಶಾನವಾಸ, ಮೈಗೆ ಬೂದಿ, ಕೊರಳಿಗೆ ತಲೆಬುರುಡೆ. ಇವರಿಗಿಂತ ಮುಂಚೆ ನಮ್ಮಲ್ಲೇ ಎಲ್ಲ ಇತ್ತು.

ಧಾರವಾಡದ_ಮಳೆ

ಹಾಗೆ ಬೆರೆಸಬೇಡಿ ಸರ್. ಅದು ಭಕ್ತಿ, ಅದಕ್ಕೆ ಅದರದೇ ದಾರಿ ಇದೆ. ಇದು ಇಂಗ್ಲೆಂಡಿನ ಮಳೆ ಹಿಡಿದ ಊರುಗಳ, ಕೆಲಸ ಇಲ್ಲದ ಹುಡುಗ ಹುಡುಗಿಯರು ಕಟ್ಟಿದ್ದು. ಅವರದನ್ನು ಅವರದು ಅಂತ ಹೇಳಿದರೆ ನಮಗೇನೂ ಕಡಿಮೆ ಆಗುವುದಿಲ್ಲ. ಆದರೆ ಒಂದು ಒಪ್ಪುತ್ತೇನೆ. ಬೂದಿ ಹಚ್ಚಿದ ದೇವರನ್ನು ನೋಡಿ ಬೆಳೆದ ನನಗೆ ತಲೆಬುರುಡೆಯ ಉಂಗುರ ನೋಡಿ ಹೆದರಿಕೆ ಆಗಲಿಲ್ಲ.

ನಿವೃತ್ತ_ವೈದ್ಯ

ನಾನು 1980ರ ದಶಕದಲ್ಲಿ ಯಾರ್ಕ್‌ಶೈರ್‌ನ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯನಾಗಿದ್ದೆ. ಲೀಡ್ಸ್‌ನ ಮೆರಿಯನ್ ಸೆಂಟರ್ ಅಂಗಡಿ ಸಾಲಿನ ಹತ್ತಿರ ಶನಿವಾರ ರಾತ್ರಿ ಈ ಹುಡುಗರನ್ನು ನೋಡುತ್ತಿದ್ದೆ. ಅಲ್ಲೇ ಕೆಳಗೆ ಅವರ ಕ್ಲಬ್ ಇತ್ತು. ಕ್ಯಾಶುವಾಲ್ಟಿಗೆ ಶನಿವಾರ ರಾತ್ರಿ ಕುಡಿದು ಹೊಡೆದಾಡಿ ಬರುವವರೇ ಜಾಸ್ತಿ. ಈ ಕಪ್ಪು ಬಟ್ಟೆಯವರು ಬಂದರೆ ಹೊಡೆಸಿಕೊಂಡು ಬಂದಿರುತ್ತಿದ್ದರು. ಹೊಲಿಗೆ ಹಾಕುವಾಗ ‘ಥ್ಯಾಂಕ್ಯೂ ಡಾಕ್ಟರ್’ ಅಂತ ಮೆಲ್ಲಗೆ ಹೇಳುತ್ತಿದ್ದರು. ನಲವತ್ತು ವರ್ಷ ಆದರೂ ಆ ದನಿ ನೆನಪಿದೆ.

ಡಿಪ್ರೆಷನ್ ಬಗ್ಗೆ ಅಪ್ಪ ಕೇಳಿದ್ದಾರೆ, ಅದನ್ನು ತೇಲಿಸಿ ಬಿಡಬಾರದು. 2015ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನುವ ಮನೋವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಬ್ರಿಸ್ಟಲ್ ಸುತ್ತಿನ 3,694 ಮಕ್ಕಳದು. ಹದಿನೈದನೇ ವಯಸ್ಸಿನಲ್ಲಿ ‘ನಾನು ಗಾಥ್’ ಅಂತ ಬಲವಾಗಿ ಹೇಳಿಕೊಂಡವರಲ್ಲಿ ಹದಿನೆಂಟರ ಹೊತ್ತಿಗೆ ಖಿನ್ನತೆ ಕಾಣುವ ಸಾಧ್ಯತೆ, ಹಾಗೆ ಹೇಳಿಕೊಳ್ಳದವರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಆದರೆ ಗಾಥ್ ಆದದ್ದೇ ಅದಕ್ಕೆ ಕಾರಣ ಅಂತ ಬರೆದವರು ಹೇಳಿಲ್ಲ. ಮೊದಲೇ ನೊಂದ ಮಕ್ಕಳು ತಮ್ಮಂಥವರನ್ನು ಹುಡುಕಿಕೊಂಡು ಅಲ್ಲಿಗೆ ಹೋಗಿರಬಹುದು. ಆಸ್ಪತ್ರೆಯಲ್ಲಿ ರೋಗಿಗಳು ಜಾಸ್ತಿ ಇರುತ್ತಾರೆ, ಹಾಗಂತ ಆಸ್ಪತ್ರೆಯೇ ರೋಗ ತಂದದ್ದು ಅನ್ನಲಾಗುತ್ತದೆಯೇ?

ನೀವು ನೋಡಬೇಕಾದದ್ದು ಬಟ್ಟೆಯನ್ನಲ್ಲ. ಊಟ, ನಿದ್ದೆ, ಗೆಳೆಯರು, ಓದು. ಇವು ಕೆಟ್ಟರೆ, ಮೈಮೇಲೆ ಗಾಯದ ಗುರುತು ಕಂಡರೆ, ತಡ ಮಾಡದೆ ನಿಮ್ಮ ಜಿಪಿ, ಅಂದರೆ ಕುಟುಂಬ ವೈದ್ಯರ ಹತ್ತಿರ ಹೋಗಿ. ತಂಗಿಗೆ ಗಣಿತ ಹೇಳಿಕೊಡುತ್ತಾಳೆ ಅಂತ ಬರೆದಿದ್ದೀರಿ. ಅದು ಒಳ್ಳೆಯ ಲಕ್ಷಣ.

ಲೈಪ್ಜಿಗ್_ಟ್ರಾಮ್

ನಾನು ಗಾಥ್ ಅಲ್ಲ, ಮಂಡ್ಯದವನು, ಜರ್ಮನಿಯ ಲೈಪ್ಜಿಗ್‌ನಲ್ಲಿ ಇದ್ದೇನೆ. ಇಲ್ಲಿ ಪ್ರತಿ ವರ್ಷ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ರಜೆಯಲ್ಲಿ ವೇವ್-ಗೋಟಿಕ್-ಟ್ರೆಫೆನ್ ಅಂತ ಗಾಥ್‌ಗಳ ಜಾತ್ರೆ ನಡೆಯುತ್ತದೆ, 1992ರಿಂದ. ಹತ್ತಿರ ಹತ್ತಿರ 20,000 ಜನ ಸೇರುತ್ತಾರೆ. ಅದರ ಟಿಕೆಟ್ ಇದ್ದವರಿಗೆ ಟ್ರಾಮ್ ಪ್ರಯಾಣವೂ ಸೇರಿರುತ್ತದೆ. ಹಾಗಾಗಿ ಆ ನಾಲ್ಕು ದಿನ ಟ್ರಾಮ್ ಒಳಗೆಲ್ಲ ಕಪ್ಪು ಗೌನು, ಎತ್ತರದ ಟೋಪಿ. ಇಲ್ಲಿನ ಮುದುಕಿಯರು ಸೀಟು ಸರಿದು ಜಾಗ ಕೊಟ್ಟು, ಈ ಲೇಸ್ ನೀನೇ ಹೆಣೆದದ್ದಾ ಅಂತ ಕೇಳುತ್ತಾರೆ. ಶುಕ್ರವಾರ ಕ್ಲಾರಾ ಚೆಟ್ಕಿನ್ ಪಾರ್ಕಿನಲ್ಲಿ ಹಳೇ ಕಾಲದ ಉಡುಪಿನಲ್ಲಿ ಪಿಕ್‌ನಿಕ್. ತಳ್ಳುಗಾಡಿಯಲ್ಲಿ ಕೂಸು, ಅದಕ್ಕೂ ಕಪ್ಪು ಲೇಸಿನ ಟೋಪಿ. ಅಜ್ಜ, ಅಪ್ಪ, ಮಗ ಮೂರು ತಲೆಮಾರು ಒಟ್ಟಿಗೆ ಬಂದದ್ದನ್ನೂ ನೋಡಿದ್ದೇನೆ.

ನನ್ನ ಪಕ್ಕದ ಮನೆಯವರು ಪೂರ್ವ ಜರ್ಮನಿ ಇದ್ದ ಕಾಲದಲ್ಲೇ ಗಾಥ್ ಆಗಿದ್ದವರು. ಆಗ ಇಂಥವರನ್ನು ‘ಗ್ರುಫ್ಟಿ’ ಅನ್ನುತ್ತಿದ್ದರು, ಗೋರಿಯವರು ಅಂದ ಹಾಗೆ. ಸ್ಟಾಸಿ, ಅಂದರೆ ಅಲ್ಲಿನ ಗುಪ್ತ ಪೊಲೀಸರು, ಇವರ ಮೇಲೆಲ್ಲ ಕಣ್ಣಿಟ್ಟಿದ್ದರು. ಬಟ್ಟೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಹಾಸಿಗೆ ಹೊದಿಕೆಗೆ ಕಪ್ಪು ಬಣ್ಣ ಅದ್ದಿ ತಾವೇ ಹೊಲಿದುಕೊಳ್ಳುತ್ತಿದ್ದೆವು ಅಂತ ಅವರು ಹೇಳುತ್ತಾರೆ. 2000ದಲ್ಲಿ ಈ ಜಾತ್ರೆ ನಡೆಯುತ್ತಿರುವಾಗಲೇ ನಡೆಸುವವರು ದಿವಾಳಿ ಎದ್ದರು. ಜನ ಗಲಾಟೆ ಮಾಡಲಿಲ್ಲ. ಕೆಲವು ಬ್ಯಾಂಡ್‌ಗಳು ದುಡ್ಡಿಲ್ಲದೆ ನುಡಿಸಿದವು, ಬಂದವರೇ ಕೆಲಸಕ್ಕೆ ನಿಂತು ಜಾತ್ರೆ ಮುಂದುವರಿಸಿದರು. ಪಕ್ಕದ ಮನೆಯವರು ಅದನ್ನು ಹೇಳುವಾಗ ಈಗಲೂ ಅವರ ಕಣ್ಣು ಒದ್ದೆಯಾಗುತ್ತದೆ.

ಮ್ಯಾಂಚೆಸ್ಟರ್_ಅಪ್ಪ

ಎಲ್ಲರಿಗೂ ಕೈಮುಗಿದು ಧನ್ಯವಾದ. ಸ್ವಲ್ಪ ಸಮಾಧಾನ ಆಯ್ತು. ಆದರೆ ಡಾಕ್ಟರ್ ಹೇಳಿದ ‘ಹೊಡೆಸಿಕೊಂಡು ಬರುತ್ತಿದ್ದರು’ ಅನ್ನುವ ಮಾತು ಮನಸ್ಸಿಂದ ಹೋಗುತ್ತಿಲ್ಲ. ಈಗಲೂ ಹಾಗೆ ಆಗುತ್ತಾ?

ಧಾರವಾಡದ_ಮಳೆ

ಸರ್, ಇದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಿಮ್ಮ ಊರಿಂದ ತೀರ ದೂರ ಇಲ್ಲದ ಬೇಕಪ್ ಅನ್ನುವ ಊರಲ್ಲಿ, 2007ರ ಆಗಸ್ಟ್‌ನಲ್ಲಿ, ಸೋಫಿ ಲ್ಯಾಂಕಾಸ್ಟರ್ ಅನ್ನುವ ಹುಡುಗಿ ತನ್ನ ಗೆಳೆಯನ ಜೊತೆ ರಾತ್ರಿ ಪಾರ್ಕ್ ದಾಟಿ ಬರುತ್ತಿದ್ದಳು. ಇಪ್ಪತ್ತು ವರ್ಷ. ಹದಿಹರೆಯದ ಹುಡುಗರ ಗುಂಪೊಂದು ಮೊದಲು ಗೆಳೆಯನ ಮೇಲೆ ಬಿತ್ತು. ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯಲು ನೋಡಿದ ಸೋಫಿಯನ್ನೂ ತುಳಿದರು. ಅವನು ಬದುಕಿದ. ಹದಿಮೂರು ದಿನದ ಮೇಲೆ ಅವಳು ತೀರಿಕೊಂಡಳು. ಸೋಫಿಯೂ ಅವಳ ಗೆಳೆಯನೂ ಮಾಡಿದ ತಪ್ಪು, ಗಾಥ್ ಆಗಿ ಬೇರೆ ಥರ ಕಂಡದ್ದು.

ಅವಳ ತಾಯಿ ಸಿಲ್ವಿಯಾ ಮಗಳ ಹೆಸರಲ್ಲಿ ಒಂದು ಸಂಸ್ಥೆ ಕಟ್ಟಿ, ಶಾಲೆ ಶಾಲೆಗೆ ಹೋಗಿ ಮಕ್ಕಳ ಮುಂದೆ ಮಾತಾಡಿದರು. 2022ರಲ್ಲಿ ಅವರೂ ಹೋದರು. 2013ರಲ್ಲಿ ನಿಮ್ಮ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು, ಗಾಥ್ ಮುಂತಾದವರ ಮೇಲೆ ಆಗುವ ಹಲ್ಲೆಯನ್ನು ದ್ವೇಷದ ಅಪರಾಧ ಅಂತ ದಾಖಲಿಸಲು ಶುರು ಮಾಡಿದರು. ಹಾಗೆ ಮಾಡಿದವರಲ್ಲಿ ಈ ದೇಶದಲ್ಲೇ ಅವರು ಮೊದಲು.

ನನಗೂ ಆಗಿದೆ. ಬಸ್ ನಿಲ್ದಾಣದಲ್ಲಿ ಉಗುಳಿಸಿಕೊಂಡಿದ್ದೇನೆ. ಬಣ್ಣಕ್ಕೋ ಬಟ್ಟೆಗೋ ತಿಳಿಯಲಿಲ್ಲ. ಮಗಳಿಗೆ ರಾತ್ರಿ ಒಬ್ಬಳೇ ಬರಬೇಡ ಅನ್ನಿ, ಫೋನ್ ಮಾಡು ನಾನು ಬರ್ತೀನಿ ಅನ್ನಿ. ಏನಾದರೂ ಆದರೆ ಪೊಲೀಸರಿಗೆ ಹೇಳಬಹುದು ಅಂತ ಅವಳಿಗೆ ಗೊತ್ತಿರಲಿ. “ನೀನು ಹಾಗೆ ಹಾಕಿಕೊಂಡದ್ದಕ್ಕೇ ಆಯ್ತು” ಅಂತ ಮಾತ್ರ ಅಪ್ಪನ ಬಾಯಿಂದ ಬರಬಾರದು. ಹೊರಗೆ ಆ ಮಾತು ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಪೆಡಲ್_ಬೋರ್ಡ್

ಇದು ಗೊತ್ತಿರಲಿಲ್ಲ. ತಂಗಿ, ಮೇಲೆ ‘ವೇಷ’ ಅಂದದ್ದಕ್ಕೆ ಕ್ಷಮಿಸು.

ಹಾಸನದ_ಹುಡುಗಿ

ಪರವಾಗಿಲ್ಲ ಅಣ್ಣ. ಅಕ್ಕ ಹೇಳಿದ ಟರ್ಕಿ ಬ್ಯಾಂಡ್ ನಿನ್ನೆ ರಾತ್ರಿಯಿಂದ ಕೇಳುತ್ತಿದ್ದೇನೆ. ಇವತ್ತು ಕಾಲೇಜಿಗೆ ಕಪ್ಪು ಚೂಡಿದಾರ್ ಹಾಕಿಕೊಂಡು ಹೋದೆ. ಅಮ್ಮ ನೋಡಿದರು, ಏನೂ ಅನ್ನಲಿಲ್ಲ.

ಮ್ಯಾಂಚೆಸ್ಟರ್_ಅಪ್ಪ

ಐದು ದಿನ ಆಯ್ತು, ಬರೆಯಲು ಆಗಲಿಲ್ಲ. ಭಾನುವಾರ ಅವಳನ್ನು ಕಾರಿನಲ್ಲಿ ಕರೆದುಕೊಂಡು ಹೋಗುವಾಗ “ಯಾವ ಹಾಡು ಕೇಳ್ತೀಯ, ಹಾಕು” ಅಂದೆ. ನನ್ನ ಮುಖ ನೋಡಿದಳು. ಆಮೇಲೆ ಹಾಕಿದ್ದು ನೀವು ಹೇಳಿದ ಅದೇ ಒಂಬತ್ತು ನಿಮಿಷದ್ದು. ಟಕಟಕ ಶುರುವಾಯ್ತು. ಬೇಸ್ ಬಂತು. ಹಾಡುವವನು ಇನ್ನೂ ಬರಲಿಲ್ಲ, ನಾನು ಸುಮ್ನೆ ಕಾದೆ. ಅವಳು ಮೆಲ್ಲಗೆ “ಅಪ್ಪಾ, ಬೇಜಾರಾದ್ರೆ ಬದಲಾಯಿಸ್ತೀನಿ” ಅಂದಳು. ಬೇಡ, ಇರಲಿ ಅಂದೆ. ಮನೆ ಬಂದರೂ ಹಾಡು ಮುಗಿದಿರಲಿಲ್ಲ. ಇಬ್ಬರೂ ಕಾರಿನಲ್ಲೇ ಕೂತು ಪೂರ್ತಿ ಕೇಳಿದೆವು.

ಹಾಡು ಮುಗಿದ ಮೇಲೆ ಅವಳೇ ಹೇಳಿದಳು. ಹಿಂದಿನ ವರ್ಷ ಅವಳ ಗೆಳತಿಯ ಅಮ್ಮ ಕ್ಯಾನ್ಸರ್‌ನಿಂದ ಹೋದರಂತೆ. ಆ ಗೆಳತಿಯ ಜೊತೆ ಸೇರಿ ಈ ಹಾಡುಗಳನ್ನು ಕೇಳಲು ಶುರು ಮಾಡಿದ್ದಂತೆ. ನನಗೆ ಆ ಸಾವು ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಈಗ ಅವಳಿಗೂ ಗೆಳತಿಗೂ ಕಡಲ ದಡದ ವಿಟ್‌ಬಿ ಊರಿಗೆ ಹೋಗಬೇಕಂತೆ. ಅಲ್ಲಿ ಗಾಥ್ ವೀಕೆಂಡ್ ಇರುತ್ತಂತೆ. ನಾನು ಕರೆದುಕೊಂಡು ಹೋಗುತ್ತೇನೆ ಅಂದುಬಿಟ್ಟಿದ್ದೇನೆ. ಧಾರವಾಡದವರೇ, ಅಲ್ಲಿ ನಾನೇನು ಮಾಡಬೇಕು, ಏನು ಹಾಕಿಕೊಳ್ಳಬೇಕು?

ಧಾರವಾಡದ_ಮಳೆ

ಸರ್, ಓದಿ ತುಂಬಾ ಖುಷಿಯಾಯ್ತು. ನಿಮ್ಮಿಷ್ಟದ ಬಟ್ಟೆ ಹಾಕಿಕೊಳ್ಳಿ, ಸ್ವೆಟರ್ ಆದರೂ ಸರಿ. 1994ರಿಂದ ನಡೆಯುತ್ತಿರುವ ಕೂಟ ಅದು, ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಡ್ರಾಕುಲಾ ಕಥೆಯಲ್ಲಿ ಹಡಗು ಬಂದು ಬಡಿಯುವುದು ಅದೇ ಊರಿನ ದಡಕ್ಕೆ, ಅದಕ್ಕೇ ಅಲ್ಲಿ ಸೇರುವುದು. ರೂಮ್ ಈಗಲೇ ಬುಕ್ ಮಾಡಿ, ಆಮೇಲೆ ಸಿಗಲ್ಲ.

ಬೆಟ್ಟದ ಮೇಲಿನ ಹಳೇ ಚರ್ಚಿಗೆ 199 ಮೆಟ್ಟಿಲು. ಹುಡುಗಿಯರು ಉದ್ದ ಲಂಗ ಹಾಕಿದರೆ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದೇ ಹತ್ತಬೇಕು, ಕಲ್ಲು ಸವೆದು ಜಾರುತ್ತದೆ. ಮೇಲೆ ಸ್ಮಶಾನ ಇದೆ. ಗೋರಿಗಳ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಬಾರದು ಅಂತ ಇಬ್ಬರಿಗೂ ಮೊದಲೇ ಹೇಳಿ. ಊರಿನವರಿಗೆ ನೋವಾಗುತ್ತದೆ, ನಮ್ಮಲ್ಲೂ ಬಹಳ ಜನರಿಗೆ ಅದು ಸೇರುವುದಿಲ್ಲ. ಕೆಳಗಿನ ಬೀದಿಯಲ್ಲಿ ಜೆಟ್ ಅನ್ನುವ ಕರೀ ಕಲ್ಲಿನ ಒಡವೆ ಮಾರುತ್ತಾರೆ. ನಿಜಕ್ಕೂ ಅದು ಕಲ್ಲಲ್ಲ, ಕೋಟಿಗಟ್ಟಲೆ ವರ್ಷ ಮಣ್ಣಲ್ಲಿ ಕೂತ ಮರ. ವಿಕ್ಟೋರಿಯಾ ರಾಣಿ ಗಂಡ ಸತ್ತ ಮೇಲೆ ಅದನ್ನೇ ತೊಟ್ಟಳು. ಆ ಗೆಳತಿಗೆ ಅದರದೊಂದು ಸಣ್ಣ ಮಣಿ ಕೊಡಿಸಿ, ಸಾಧ್ಯ ಆದರೆ.

ಸೋಫಿಯ ನೆನಪಿಗೆ ಒಂದು ಬೆಂಚ್ ಕೂಡ ಆ ಊರಲ್ಲಿದೆ. ಮಕ್ಕಳೇ ಹುಡುಕಿ ತೋರಿಸುತ್ತಾರೆ. ಗಾಳಿ ಮಾತ್ರ ಜೋರು. ದಪ್ಪ ಜಾಕೆಟ್ ಮರೆಯಬೇಡಿ, ಫ್ಲಾಸ್ಕಿನಲ್ಲಿ ಕಾಫಿ ತನ್ನಿ. ನಾನೂ ನನ್ನ ಗೆಳತಿಯೂ ಬರುತ್ತೇವೆ, ಮೆಟ್ಟಿಲ ಕೆಳಗೆ ಸಿಗೋಣ.